ತಾಹೆರಾಳ ತೊಟ್ಟಿ ನೀರಿನ ಬಾಕಿ

ಹೆಬ್ಬಾಳದ ಹಳೇ ಊರಿನ ಗಲ್ಲಿಯೊಂದು ತಾಹೆರಾಗೆ ಒಂದು ತೊಟ್ಟಿ ನೀರು ಬಾಕಿ ಇಟ್ಟುಕೊಂಡಿದೆ. ಎಂಬತ್ತಮೂರರ ಬೇಸಿಗೆಯ ಬಾಕಿ. ಇನ್ನೂ ತೀರಿಲ್ಲ.

ತಾಹೆರಾ ಊದುಬತ್ತಿ ಹೊಸೆಯುವ ಹೆಂಗಸು. ಆ ವರ್ಷ ನೀರಿಗಾಗಿ ಖಾಲಿ ಕೊಡ ಬಡಿದುಕೊಂಡು ಮೆರವಣಿಗೆ ಹೋದವರಲ್ಲಿ ಅವಳದೇ ದೊಡ್ಡ ಗಂಟಲು. ಕೂಗಿ ಕೂಗಿ ಆ ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ಕುಡಿಯಲು ಗುಟುಕು ನೀರಿಲ್ಲ. ಒಳಗೆ ಚೊಚ್ಚಲ ಬಸುರಿ ಮಗಳು ಜೈಬುನ್ನೀಸಾ ಹೆರಿಗೆಗೆಂದು ಬಂದು ಕೂತಿದ್ದಾಳೆ. ಬರೀ ಧಿಕ್ಕಾರ ಕೂಗಿದರೆ ಬಾಣಂತಿಗೆ ಸ್ನಾನ ಆಗಲ್ಲ ಅಂತ ಅವತ್ತೇ ಗೊತ್ತಾಯಿತು. ಮರುದಿನ ಹಿತ್ತಲಲ್ಲಿ ತೊಟ್ಟಿ ಕಟ್ಟಲು ನಿಂತಳು.

ಬಿದ್ದ ಗೋಡೆಯ ಇಟ್ಟಿಗೆ. ಗಾರೆ ಕೆಲಸದ ಗಂಡ ಸರ್ದಾರ್ ತಂದ ಸಿಮೆಂಟು. ಎದೆಮಟ್ಟ ಗೋಡೆ ಎಬ್ಬಿಸಿ, ಒಳಗೆಲ್ಲ ಗಿಲಾವು ಮೆತ್ತಿ, ಮೇಲೆ ಮುಚ್ಚಲು ಕಡಪಾ ಕಲ್ಲು. ಗಟ್ಟಿಯಾಗೋವರೆಗೆ ಸುಮ್ಮನೆ ನೀರು ಚಿಮುಕಿಸ್ತಿರು, ತುಂಬಬೇಡ ಅಂದಿದ್ದ ಸರ್ದಾರ್. ಆದರೆ ಅಷ್ಟರಲ್ಲೇ ಬೀದಿ ನಲ್ಲಿಗೆ ನೀರು ಬಂತು. ಬಂದ ನೀರು ಹಿಡಿಯದೆ ಬಿಡುವ ಹೆಂಗಸು ಆ ಗಲ್ಲಿಯಲ್ಲಿ ಹುಟ್ಟೇ ಇಲ್ಲ. ಸಿಕ್ಕಿದಷ್ಟನ್ನೂ ಸುರಿದಳು. ಸಂಜೆಗೆ ಗಿಲಾವು ಬಿರುಕು ಬಿಟ್ಟು, ನೀರೆಲ್ಲ ಪಕ್ಕದ ಮನೆ ಲಕ್ಕಮ್ಮನ ಕೊಟ್ಟಿಗೆಗೆ ಹರಿಯಿತು.

"ಏನ್ ತಾಹೆರಾ, ನಮ್ಮ ಎಮ್ಮೆಗೆ ಈಜು ಕಲಿಸ್ತಿದ್ದೀಯೇನೇ?"

"ಕಲೀಲಿ ಬಿಡಕ್ಕ. ಕೆರೆ ಒಣಗೈತೆ, ಪಾಪ ಅದು ಇನ್ನೆಲ್ಲಿ ಕಲೀತದೆ?"

ಗಿಲಾವು ಕೆತ್ತಿ ತೆಗೆದು ಮತ್ತೆ ಮೆತ್ತಿದಳು. ಈ ಸಲ ನಲ್ಲಿ ಬಂದರೂ ತೊಟ್ಟಿಯ ಕಡೆ ಕೊಡ ಒಯ್ಯಲಿಲ್ಲ. ತೊಟ್ಟಿ ನಿಂತಿತು. ತುಂಬಿಸುವುದು ಹೇಗೆ? ಸರದಿಯಲ್ಲಿ ಮನೆಗೆ ಸಿಗುತ್ತಿದ್ದದ್ದು ನಾಲ್ಕೇ ಕೊಡ. ಆದರೆ ಹೊಸ ನೀರು ಬಂದ ದಿನ, ಮನೆಯಲ್ಲಿ ಉಳಿದ ಹಳೇ ನೀರನ್ನು ಚರಂಡಿಗೆ ಚೆಲ್ಲಿ ಕೊಡ ಬೆಳಗುವುದು ಗಲ್ಲಿಯ ವಾಡಿಕೆ. ತಾಹೆರಾ ಬಾಗಿಲು ಬಾಗಿಲಿಗೆ ಹೋಗಿ ನಿಂತಳು.

"ಚೆಲ್ಲಬೇಡಿ, ನನ್ನ ತೊಟ್ಟಿಗೆ ಹಾಕಿ. ಹಳಸೋಕೆ ನೀರೇನು ಸಾರೇನ್ರೀ?"

ನಕ್ಕರು, ಹಾಕಿದರು. ಬಟ್ಟೆಯಲ್ಲಿ ಸೋಸಿ ಸೋಸಿ ತುಂಬಿಸಿದಳು. ಲಕ್ಕಮ್ಮನೂ ಹಾಕಿದಳು. "ಆದ್ರೆ ನಿಮ್ಮನೆ ನೀರು ನಾವು ಮುಟ್ಟಾಕಿಲ್ಲ, ಏಳ್ಬಿಟ್ಟಿದೀನಿ" ಅಂತ ಜಾತಿಯ ಬಿಗುಮಾನವನ್ನೂ ಜೊತೆಗೇ ಸುರಿದು ಹೋದಳು.

ಆಮೇಲೆ ದೊಡ್ಡ ಪೈಪು ಒಡೆಯಿತು. ವಾರ ಕಳೆದರೂ ನಲ್ಲಿಯಲ್ಲಿ ಬರೀ ಗಾಳಿ. ಅಂಥ ಹೊತ್ತಲ್ಲೇ ಲಕ್ಕಮ್ಮನ ಸೊಸೆಗೆ ದಿನ ತುಂಬುವ ಮೊದಲೇ ನೋವು ಬಂದು, ಆಟೋ ಹುಡುಕುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಯಿತು. ಕೊಡ ಹಿಡಿದು ಬಂದ ಲಕ್ಕಮ್ಮ ಬೇಲಿ ಹತ್ತಿರ ನಿಂತುಬಿಟ್ಟಳು. ಕಣ್ಣು ಮಾತ್ರ ತೊಟ್ಟಿಯ ಮೇಲೆ.

"ಏನ್ ನೋಡ್ತೀಯಕ್ಕ? ತುಂಬ್ಕೊ."

"ನಿನ್ನ ಮಗಳಿಗೆ ಅಂತ ಇಟ್ಟಿದ್ದಲ್ವೇನೇ?"

"ನನ್ನ ಮಗಳ ಕೂಸು ಇನ್ನೂ ಒಳಗೇ ಐತೆ. ನಿಂದು ಹೊರಗೆ ಬಂದು ಅಳ್ತಾ ಐತೆ. ಬಾ ಬೇಗ."

ಲಕ್ಕಮ್ಮನ ಹಿಂದೆ ಇಡೀ ಗಲ್ಲಿ ಬಂತು. ಅಕ್ಕಿ ಬೇಯಿಸಲು, ಮಕ್ಕಳಿಗೆ ಕುಡಿಸಲು. ನಲ್ಲಿ ಬಂದ ದಿನ ಮೊದಲು ನಿನ್ನ ತೊಟ್ಟಿ ತುಂಬಿಸ್ತೀವಿ ಅಂತ ಆಣೆ ಇಟ್ಟರು. ತಾಹೆರಾ ಯಾರಿಗೂ ಇಲ್ಲ ಅನ್ನಲಿಲ್ಲ. ತೊಟ್ಟಿಯ ತಳ ಕಂಡಿತು. ಒಳಗೆ ಜೈಬುನ್ನೀಸಾ, ನನ್ನ ಹೆರಿಗೆಗೆ ನೀರೆಲ್ಲಿ ಅಂತ ಹೊಟ್ಟೆ ಹಿಡಿದು ಅಳುತ್ತಿದ್ದಳು. ತಾಯಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ನಲ್ಲಿ ಬಂತು. ಆಣೆ ಇಟ್ಟವರೆಲ್ಲ ತಂತಮ್ಮ ಮನೆಗೆ ಕೊಡ ಹೊತ್ತು ಓಡಿದರು. ಲಕ್ಕಮ್ಮ ಒಬ್ಬಳೇ ತನ್ನ ಸರದಿಯ ನಾಲ್ಕೂ ಕೊಡ ತಂದು ತೊಟ್ಟಿಗೆ ಸುರಿದಳು. ಅದೇ ವಾರ ಜೈಬುನ್ನೀಸಾ ಹೆತ್ತಳು. ತಾಯಿ-ಕೂಸಿನ ಮೊದಲ ಸ್ನಾನ ಆ ನೀರಲ್ಲೇ. ನೋಡಲು ಬಂದ ಲಕ್ಕಮ್ಮ, ತಾಹೆರಾ ಮನೆ ಲೋಟದಲ್ಲೇ ಟೀ ಕುಡಿದು ಹೋದಳು.

ಮುಂದಿನ ಬೇಸಿಗೆಗೂ ತಾಹೆರಾ ತೊಟ್ಟಿ ತುಂಬಿಸಿದಳು, ಕೇಳಿದವರಿಗೆ ಕೊಟ್ಟಳು. ಆಣೆಯ ಮಾತು ಎತ್ತಲೇ ಇಲ್ಲ. ಅವಳು ಎತ್ತಲಿಲ್ಲ ಅಂದರೆ ಬಾಕಿ ತೀರಿತು ಅಂತಲ್ಲ. ನೀವೂ ಯಾರದೋ ಹಿತ್ತಲ ತೊಟ್ಟಿಯ ನೀರು ಕುಡಿದು ಬೆಳೆದವರೇ. ನಾಳೆ ನಲ್ಲಿ ಬಂದಾಗ ಮೊದಲ ಕೊಡ ಯಾರ ಮನೆಗೆ? ಬಾಯಲ್ಲಿ ಹೇಳಬೇಡಿ. ಹೊತ್ತು ತೋರಿಸಿ.