ಅಪ್ಪನನ್ನು ಕೇಳಲು ಬಂದ ಪ್ರೊಫೆಸರ್

ನನ್ನ ಗೈಡ್ ಆಗಲಿದ್ದ ಜರ್ಮನ್ ಪ್ರೊಫೆಸರ್ ಬದುಕನ್ನೆಲ್ಲ ನಮ್ಮ ಅಳಿಯಕಟ್ಟಿಗೇ ತೇಯ್ದವರು. ಮನೆ, ಆಸ್ತಿ, ಯಜಮಾನಿಕೆ ಎಲ್ಲವೂ ತಾಯಿಯ ಕಡೆಯಿಂದ ಇಳಿದುಬರುವ ತುಳುನಾಡಿನ ಈ ಕಟ್ಟಳೆಯ ಮೇಲೆ ಡಾಕ್ಟರೇಟ್ ಮಾಡಿ, ಜರ್ಮನಿಯ ಪದ್ಧತಿಯಂತೆ ಎರಡನೆಯ ದಪ್ಪ ಗ್ರಂಥವನ್ನೂ ಬರೆದು ಕಾನೂನು ಪ್ರೊಫೆಸರ್ ಆಗಿದ್ದರು. ಕನ್ನಡವನ್ನೂ ಕಲಿತಿದ್ದರು. ನಾನು ಮೂಡುಬಿದಿರೆಯಲ್ಲಿ ಕಾನೂನು ಪಾಠ ಮಾಡಿಕೊಂಡಿದ್ದವಳು. ಜರ್ಮನಿಗೆ ಹೋಗಿ ಅವರ ಕೈಕೆಳಗೆ ಸಂಶೋಧನೆ ಮಾಡಲು ಅವಕಾಶ ಸಿಕ್ಕಿತ್ತು. ಅದಕ್ಕೆ ನಾನು ತಕ್ಕವಳೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಮನೆಯ ಒಪ್ಪಿಗೆ ಸಿಕ್ಕಿರಲಿಲ್ಲ, ಅದನ್ನು ಮೀರಿ ಹೋಗಲು ನನಗೂ ಮನಸ್ಸಿರಲಿಲ್ಲ.

ಊರಿಗೆ ಬಂದಿದ್ದ ಪ್ರೊಫೆಸರ್, ತಾವೇ ಕೇಳುತ್ತೇನೆಂದು ಹೊರಟರು. ಇಂಥವರಿಗೆ ನಾನೇನು ಹೇಳಿಕೊಡುವುದೆಂದು ಸುಮ್ಮನಿದ್ದೆ. ನೋಡಿದರೆ ನೇರ ಅಪ್ಪನೆದುರು ಕೂತು ಶುರುಮಾಡಿದರು! ಅಪ್ಪ, ಪಾಪ, ಬೊಂಡ ಕೆತ್ತಿ ಎಳನೀರು ಕೊಟ್ಟರು, ಸೆಕೆಯ ಬಗ್ಗೆ ವಿಚಾರಿಸಿದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪ್ರೊಫೆಸರರ ಮುಖ ಬಾಡಿತು. ನನಗೆ ರೇಗಿಹೋಯಿತು. ಅಂಗಳಕ್ಕೆ ಕರೆದು ಹೇಳಿಯೇಬಿಟ್ಟೆ.

“ಜೀವಮಾನವಿಡೀ ಇದನ್ನೇ ಬರೆದಿದ್ದೀರಿ ಸರ್. ಅಪ್ಪನ ಹತ್ತಿರ ಕೇಳುವುದಾ? ಕೇಳಬೇಕಾದ್ದು ಮಾವನ ಹತ್ತಿರ.”

ಅವರು ಹಣೆ ಚಚ್ಚಿಕೊಂಡರು. ಕಾನೂನು ಬದಲಾದ ಮೇಲೆ ಅದೆಲ್ಲ ಮುಗಿಯಿತೆಂದು ಅವರೇ ಬರೆದಿದ್ದರಂತೆ. ಪುಸ್ತಕದಲ್ಲಿ ಮುಗಿದಿರಬಹುದು, ನಮ್ಮ ಮನೆಯಲ್ಲಿ ಮುಗಿದಿರಲಿಲ್ಲ.

ಅಪ್ಪನೇ ಕಾರು ಓಡಿಸಿದರು. ಸಿದ್ಧಕಟ್ಟೆಯಲ್ಲಿ ಅಮ್ಮನ ತರವಾಡು ಮನೆ, ಅವರ ಕುಟುಂಬದ ಮೂಲಮನೆ. ಅಲ್ಲಿ ಅಮ್ಮನ ಅಣ್ಣ, ನನ್ನ ಸೋದರಮಾವ, ಯಜಮಾನರು. ಅಪ್ಪ ಜಗಲಿಯ ಮೂಲೆಯ ಕುರ್ಚಿಯಲ್ಲಿ ಕೂತರು. ಮಾವ ಪ್ರೊಫೆಸರರನ್ನೇ ಪರೀಕ್ಷೆಗೆ ಹಿಡಿದರು. ಎಲ್ಲಿ ಕಲಿತದ್ದು, ಎಲ್ಲಿ ಕೆಲಸ, ಕಲಿತಲ್ಲೇ ಯಾಕೆ ಕೆಲಸ ಸಿಗಲಿಲ್ಲ? ಜರ್ಮನಿಯಲ್ಲಿ ತಾನು ಕಲಿತು ಬೆಳೆದ ಯೂನಿವರ್ಸಿಟಿಯಲ್ಲೇ ಪ್ರೊಫೆಸರ್ ಆಗುವ ರೂಢಿಯಿಲ್ಲ, ಬೇರೆ ಕಡೆಯಿಂದ ಕರೆ ಬರಬೇಕು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಮಾವನಿಗೆ ಅದು ಹಿಡಿಸಿತು. ಆಮೇಲೆ, ಅಷ್ಟು ದೂರದಲ್ಲಿ ಇವಳಿಗೆ ಯಾರಿದ್ದಾರೆ ಎಂದರು. ಪ್ರೊಫೆಸರರಿಗೆ ಹುರುಪು ಬಂತು. ತಮ್ಮ ಭಾಷೆಯಲ್ಲಿ ಗೈಡನ್ನು ಡಾಕ್ಟರೇಟಿನ ಅಪ್ಪ ಎಂದೇ ಕರೆಯುತ್ತಾರೆ ಎಂದರು.

“ಅಪ್ಪ ಇವಳಿಗೆ ಇದ್ದಾರೆ, ಅಲ್ಲಿ ಕೂತಿದ್ದಾರೆ,” ಎಂದರು ಮಾವ. “ಹೊಣೆ ಮಾವನದ್ದು. ನೀವು ಮಾವ ಆಗ್ತೀರಾ?”

ಕಷ್ಟಕ್ಕೆ ನಿಲ್ಲುವುದು, ದಡ ಸೇರಿಸುವುದು, ಕೊನೆಗೆ ತನ್ನ ಜಾಗವನ್ನು ಹೆತ್ತ ಮಕ್ಕಳಿಗಲ್ಲದೆ ತಂಗಿಯ ಮಗಳಿಗೆ ಬಿಟ್ಟುಕೊಡುವುದು. ಮಾವನಾಗುವುದೆಂದರೆ ಏನೆಂದು ಆ ಮನುಷ್ಯನಿಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಆಗ್ತೇನೆ,” ಎಂದರು.

ಮಾವ ನನ್ನತ್ತ ತಿರುಗಿ, ಹಾಗಾದರೆ ಹೊರಡು ಎಂದರು. ನನಗೆ ಕುಣಿಯುವಷ್ಟು ಖುಷಿ. ಅಪ್ಪನಿಗೆ ಹೇಳಲು ತಿರುಗಿದರೆ, ಅವರು ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬೇಡವೆನ್ನುವ ಹಕ್ಕು ಅವರಿಗಿರಲಿಲ್ಲ. ಇದ್ದಿದ್ದರೆ ಬೇಡವೆನ್ನುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು.