ಸಮ್‌ಬಡಿ ಮೇಷ್ಟ್ರು

ಗುಂಡ್ಲುಪೇಟೆಯ ಗುರುಪಾದಸ್ವಾಮಿ ೧೯೫೪ರ ಸುಮಾರಿಗೆ ಚಾಮರಾಜನಗರಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ಊರಿಗೆ ವಿದ್ಯೆ ಬಂತೋ ಇಲ್ಲವೋ, ‘ಸಮ್‌ಬಡಿ’ಯಂತೂ ಬಂತು. ಆ ಪದದ ಮೇಲೆ ಅವರಿಗೆ ಅದೆಂಥದೋ ಮೋಹ.

“ಒಬ್ಬ ಮನುಷ್ಯ ಇದ್ದಾನೆ, ಯಾರೂಂತ ಗೊತ್ತಿಲ್ಲ, ಇಲ್ಲಾ ಹೇಳಬೇಕಾಗಿಲ್ಲ, ಅವನೇ ಸಮ್‌ಬಡಿ. ಪ್ರಶ್ನೆ ಕೇಳುವಾಗ ಎನಿಬಡಿ. ಯಾರೂ ಇಲ್ಲದಿದ್ದರೆ ನೋಬಡಿ. ಅದರ ಪಕ್ಕ ಇನ್ನೊಂದು ‘ನಾಟ್’ ಸೇರಿಸಿದವನ ಬೆನ್ನು ಮುರಿದೇನು!” ಎಂದು ಬೆಳಿಗ್ಗೆ ಮನೆಯ ಜಗಲಿಯಲ್ಲಿ ಹುಡುಗರ ಮೇಲೆ ಗುಡುಗುತ್ತಿದ್ದರು.

ಗುಡುಗು ಮುಗಿದರೆ ಒಳಕ್ಕೆ ತಿರುಗಿ, “ಯಾರದು ಒಳಗೆ? ಕಾಫಿ” ಅನ್ನುತ್ತಿದ್ದರು. ಒಳಗೆ ಇದ್ದದ್ದು ಹೆಂಡತಿ ಶಾಂತಮಲ್ಲಮ್ಮ ಒಬ್ಬಳೇ. ಹೆಂಡತಿಯ ಹೆಸರು ಹಿಡಿದು ಕೂಗುವವನು ಗಂಡಸೇ ಅಲ್ಲ ಎಂಬುದು ಅವರ ಮನೆತನದ ಕಟ್ಟಳೆ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದೇ ಕೊನೆ, ಆಮೇಲೆ ಆ ಹೆಸರು ಅವರ ಬಾಯಿಂದ ಹೊರಟಿರಲಿಲ್ಲ.

ಒಂದು ದಿನ ಸುದ್ದಿ ಬಂತು. ಶಾಂತಮಲ್ಲಮ್ಮನ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿ ಮಗಳ ಮುಖ ನೋಡಲೆಂದೇ ಜೀವ ಹಿಡಿದುಕೊಂಡಿದ್ದಾಳೆ ಎಂದು. ಗಂಡಹೆಂಡಿರು ರೈಲು ಹತ್ತಿದರು. ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ದಾರಿಗೆ ನೀರು ತರಲು ಆಕೆ ಚೊಂಬು ಹಿಡಿದು ಇಳಿದು, ನಲ್ಲಿಯ ಮುಂದಿನ ಹೆಂಗಸರಲ್ಲಿ ಸೇರಿಹೋದಳು. ಆಗಲೇ ಗಾರ್ಡು ಸೀಟಿ ಊದಿದ.

ಮೇಷ್ಟ್ರು ಕಿಟಕಿಯಿಂದ, “ಏಯ್! ಕೇಳಿಸ್ತಾ? ಇಲ್ನೋಡು!” ಎಂದು ಕೂಗಿದರು. ನಲ್ಲಿಯ ಬಳಿಯ ಹೆಂಗಸರೆಲ್ಲ ಒಟ್ಟಿಗೆ ತಿರುಗಿದರು. ಎಲ್ಲರ ಗಂಡಂದಿರೂ ಕರೆಯುವುದು ಹಾಗೆಯೇ! ಚೊಂಬು ಹಿಡಿದು ಬಗ್ಗಿದ್ದ ಶಾಂತಮಲ್ಲಮ್ಮ ಮಾತ್ರ, ಎಂಜಿನ್ನಿನ ಗದ್ದಲದಲ್ಲಿ ಯಾರೋ ಯಾರನ್ನೋ ಕರೆದರೆಂದು ತಿರುಗಲೇ ಇಲ್ಲ.

ಪಕ್ಕದಲ್ಲಿದ್ದ ಅರಿಸಿನದ ವ್ಯಾಪಾರಿ ದೊಡ್ಡಮಲ್ಲಪ್ಪ ಚಡಪಡಿಸಿದ. “ಎಸ್ರಿಡ್ದು ಕೂಗಿ ಮೇಷ್ಟ್ರೇ, ರೈಲು ಒಂಟೋಯ್ತದೆ! ಎಸ್ರೇಳ್ಬುಡಿ, ನಾನೇ ಕೂಗ್ತೀನಿ!”

ಮೇಷ್ಟ್ರು ಬಾಯಿ ತೆರೆದರು. ಸುತ್ತ ನೋಡಿದರೆ ಶಿಷ್ಯರ ಅಪ್ಪಂದಿರೇ. ಮಾನ ದೊಡ್ಡದೋ ಹೆಂಡತಿ ದೊಡ್ಡವಳೋ ಎಂದು ತೂಗುವಷ್ಟರಲ್ಲಿ ಗಾಡಿ ಅಲುಗಿತು. ಸರಪಳಿ ಎಳೆಯಲು ದಂಡದ ಭಯ. ಕೊನೆಗೆ, “ಸಮ್‌ಬಡಿ ಈಸ್ ಅಟ್ ದಿ ಟ್ಯಾಪ್!” ಎಂದು ಅರಚಿದರು. ವ್ಯಾಕರಣ ಚೊಕ್ಕವಾಗಿತ್ತು. ಗಾಡಿ ಹೊರಟಿದ್ದು ಕಂಡು ಚೊಂಬು ಎಸೆದು ಓಡಿಬಂದ ಹೆಂಡತಿ ಪ್ಲಾಟ್‌ಫಾರಂ ಮೇಲೆಯೇ ಉಳಿದಳು.

ಆಸ್ಪತ್ರೆಯಲ್ಲಿ ಮುದುಕಿ, “ನಮ್ ಶಾಂತ ಎಲ್ಲಪ್ಪಾ?” ಎಂದು ಕೇಳುತ್ತಲೇ ಕಣ್ಣು ಮುಚ್ಚಿತು. ಮುಂದಿನ ಗಾಡಿಗೆ ಬಂದ ಮಗಳಿಗೆ ಸಿಕ್ಕಿದ್ದು ತಣ್ಣಗಾದ ಕೈ. ಇಂಥ ಮಾನಕ್ಕಿಷ್ಟು ಬೆಂಕಿ ಬೀಳ!

ಮುದುಕಿಯ ಶಿವಗಣಾರಾಧನೆ ಮುಗಿಸಿ ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಮತ್ತೆ ಪಾಠ ಶುರುವಾಯಿತು. ಗುಡುಗು ಮುಗಿಸಿ ಮೇಷ್ಟ್ರು ಎಂದಿನಂತೆ ಒಳಕ್ಕೆ ತಿರುಗಿದರು.

“ಯಾರದು ಒಳಗೆ? ಕಾಫಿ.”

ವರ್ಷಗಟ್ಟಲೆ ಗೋಡೆಯಾಚೆಯಿಂದ ಅದೇ ಪಾಠ ಕೇಳಿದ್ದ ಶಾಂತಮಲ್ಲಮ್ಮನ ದನಿ ಅಡುಗೆಮನೆಯಿಂದ ಬಂತು.

“ನೋಬಡಿ.”

ಮೇಷ್ಟ್ರು ತಿದ್ದಲು ಅದರಲ್ಲಿ ತಪ್ಪೇನೂ ಇರಲಿಲ್ಲ. ಕಾಫಿಯೂ ಬರಲಿಲ್ಲ.