ಮೊದಲು ಮಾತಾಡಿಸುವಂತಿಲ್ಲ

ನನಗೆ ಕ್ಷಮಿಸೋಕೆ ಬರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕೆಲಸವೇ ಜನರಿಗೆ ಕ್ಷಮಿಸೋದನ್ನು ಹೇಳಿಕೊಡೋದು ಅಂತ ಬಹಳ ಮಂದಿ ತಿಳಿದಿದ್ದಾರೆ. ಬೆಳಿಗ್ಗೆಯಿಂದ ಸಂಜೆತನಕ ಎದುರಿಗೆ ಕೂತವರ ಸಂಕಟ ಕೇಳುತ್ತೇನೆ. "ಆ ಸಿಟ್ಟನ್ನ ಎಷ್ಟು ದಿನ ಹೊತ್ಕೊಂಡು ಓಡಾಡ್ತೀಯಮ್ಮ, ಇಳಿಸು" ಅಂತ ನಯವಾಗಿ ಹೇಳುತ್ತೇನೆ. ನನ್ನದನ್ನು ಮಾತ್ರ ಇಳಿಸಿಲ್ಲ. ಹೊತ್ತುಹೊತ್ತಿಗೆ ಊಟ ಹಾಕಿ ಸಾಕಿದ್ದೇನೆ.

ನನ್ನ ಮನೆ ಹರಿಹರದಲ್ಲಿ. ಕೆಲಸ ದಾವಣಗೆರೆಯಲ್ಲಿ. ಮೊದಲು ನಾನಿದ್ದದ್ದು ಒಂದು ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರದಲ್ಲಿ. ಯಾವುದು ಅಂತ ಕೇಳಬೇಡಿ, ಹೇಳಲ್ಲ. ಕೇಂದ್ರ ಅಂದರೆ ಗ್ರಂಥಾಲಯದ ಹಿಂದಿನ ಮೂಲೆಯ ಎರಡು ಕೋಣೆ ಮತ್ತು ಒಂದು ವರಾಂಡ. ಅಲ್ಲಿ ನಾವಿದ್ದದ್ದೇ ನಾಲ್ಕು ಜನ. ಮುಖ್ಯಸ್ಥರು, ಮನಶ್ಶಾಸ್ತ್ರದ ಹಿರಿಯ ಪ್ರೊಫೆಸರು. ನಾನು. ನನಗಿಂತ ಚಿಕ್ಕವನಾದ ಇನ್ನೊಬ್ಬ ಸಮಾಲೋಚಕ, ನನ್ನನ್ನು ಅಕ್ಕ ಅಂತಿದ್ದ. ಆಮೇಲೆ ಅಟೆಂಡರ್ ಅಕ್ಕ. ಸಮಾಲೋಚಕರಾದ ನಮ್ಮಿಬ್ಬರ ನೌಕರಿಯೂ ವರ್ಷ ವರ್ಷ ಮುಖ್ಯಸ್ಥರ ಸಹಿ ಬಿದ್ದರೆ ಮಾತ್ರ ಮುಂದುವರಿಯುವಂಥದ್ದು.

ಸೇರಿದ ದಿನವೇ ಸರ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಈ ಕೆಲಸದ ನಿಯಮ ಹೇಳಿಕೊಟ್ಟರು. "ನೋಡಮ್ಮ, ಇಲ್ಲಿಗೆ ಬರೋ ಹುಡುಗ್ರು ಹೊರಗೆ ಎಲ್ಲಾದ್ರೂ ಎದುರಾದ್ರೆ ನಾವು ಮೊದಲು ಮಾತಾಡ್ಸಂಗಿಲ್ಲ. ಅವರಾಗೇ ಮಾತಾಡ್ಸಿದ್ರೆ ಸರಿ. ಇಲ್ಲಾಂದ್ರೆ ನೋಡಿದ್ರೂ ನೋಡಿಲ್ಲ. ಯಾರು ಕೇಳಿದ್ರೂ ಇಂಥೋರು ಇಲ್ಲಿಗೆ ಬರ್ತಾರೆ ಅಂತಾನೂ ಹೇಳಂಗಿಲ್ಲ, ಬರಲ್ಲ ಅಂತಾನೂ ಹೇಳಂಗಿಲ್ಲ." ಚೆನ್ನಾಗಿ ಹೇಳಿಕೊಟ್ಟರು. ಅದನ್ನು ನಾನು ಅಲ್ಲಗಳೆಯಲ್ಲ.

ಆದರೆ ನಮ್ಮ ಕಡೆ ಇದೇನು ಸುಲಭದ ಮಾತಾ? ಎದುರಿಗೆ ಬಂದವರನ್ನು "ಏನ್ರಿ, ಆರಾಮಾ? ಊಟ ಆತಾ?" ಅನ್ನದೆ ದಾಟಿ ಹೋದರೆ ಸೊಕ್ಕು ಬಂದೈತೆ ಅಂತಾರೆ. ಸಂಜೆ ನಾವು ನಾಲ್ವರೂ ಗೇಟಿನ ಆಚೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗುತ್ತಿದ್ದೆವು. ನಮ್ಮಲ್ಲಿಗೆ ಬರುವ ಹುಡುಗನೋ ಹುಡುಗಿಯೋ ಆ ಕಡೆಯಿಂದ ಬಂದರೆ ಸಾಕು, ನಾಲ್ವರೂ ಒಟ್ಟಿಗೇ ತಲೆ ಎತ್ತಿ ಎದುರಿಗಿದ್ದ ಫ್ಲೆಕ್ಸ್ ಓದೋಕೆ ಶುರು. ಅಟೆಂಡರ್ ಅಕ್ಕನಿಗೆ ಓದೋಕೇ ಬರುತ್ತಿರಲಿಲ್ಲ, ಅವಳೂ ಓದುತ್ತಿದ್ದಳು. ಮಿರ್ಚಿ ಮಾರುವವನು ಒಂದು ಸಲ ಕೇಳೇಬಿಟ್ಟ, "ಅದರಾಗೆ ಅಂಥಾದ್ದು ಏನೈತ್ರಿ ಮೇಡಂ, ದಿನಾ ಓದ್ತೀರಿ?"

ಆ ಹುಡುಗಿ ಬಂದದ್ದು ಅಂಥ ದಿನಗಳಲ್ಲಿ. ನಮ್ಮೂರಿನವಳೇ, ಹರಿಹರದ ಹಾರ್ಡ್‌ವೇರ್ ಅಂಗಡಿಯವರ ಮಗಳು. ಎಂ.ಎಸ್ಸಿ ಕೊನೇ ವರ್ಷ. ಪ್ರಾಕ್ಟಿಕಲ್ ಪರೀಕ್ಷೆ ಅಂದರೆ ಉಸಿರು ಕಟ್ಟುತ್ತಿತ್ತು, ಕೈ ನಡುಗಿ ಗಾಜಿನ ಸಾಮಾನು ಕೆಳಗೆ ಬೀಳುತ್ತಿತ್ತು, ನಿದ್ದೆ ಇಲ್ಲ. ಇಷ್ಟೇ. ಹುಚ್ಚಲ್ಲ, ರೋಗವಲ್ಲ, ಎಷ್ಟೋ ಹುಡುಗರಿಗೆ ಆಗೋದು. ಬರುಬರುತ್ತಾ ಸರಿಹೋಗುತ್ತಿದ್ದಳು. ಅಷ್ಟರಲ್ಲಿ ದಾವಣಗೆರೆಯ ಒಂದು ಮನೆಯಿಂದ ಸಂಬಂಧ ಬಂತು. "ಓದು ಮುಗಿಸೋಕೆ ಬಿಡ್ತಾರಂತೆ ಮೇಡಂ, ಆಮೇಲೆ ಲೆಕ್ಚರರ್ ಆದ್ರೂ ಬ್ಯಾಡ ಅನ್ನಲ್ಲಂತೆ" ಅಂತ ಕಣ್ಣರಳಿಸಿ ಹೇಳಿದಳು. ಇಲ್ಲಿಗೆ ಬರೋದು ಮನೆಯಲ್ಲಿ ಗೊತ್ತಿಲ್ಲ ಅಂತಾನೂ ಹೇಳಿದಳು. ಗೊತ್ತಾಗಲ್ಲ ಅಂತ ನಾನು ಮಾತು ಕೊಟ್ಟೆ.

ಆ ವಾರವೇ ಪಿ.ಜೆ. ಬಡಾವಣೆ ಹತ್ತಿರದ ಕಲ್ಯಾಣ ಮಂಟಪದಲ್ಲಿ ಯಾರದೋ ಮದುವೆ. ಸರ್ ಹೋಗಿದ್ದರು, ನನ್ನನ್ನು ಅಕ್ಕ ಅನ್ನುವ ನಮ್ಮ ಕೇಂದ್ರದ ಹುಡುಗನೂ ಹೋಗಿದ್ದ. ಊಟದ ಸಾಲಿನಲ್ಲಿ ಸರ್ ಪಕ್ಕದ ಎಲೆಗೆ ಕೂತವರು ನಮ್ಮ ಹುಡುಗಿಯನ್ನು ನೋಡಿಹೋಗಿದ್ದ ವರನ ಸೋದರಮಾವ. ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು, ಹರಿಹರದ ಇಂಥವರ ಮಗಳನ್ನ ನೋಡಿದೀವಿ, ನಿಮ್ಮ ಕಾಲೇಜಿನಾಗೇ ಓದ್ತಾಳಂತೆ, ಹೆಂಗ್ರಿ, ಅಂದರು. ನಮ್ಮ ಸರ್‌ಗೆ ಒಂದು ಚಾಳಿ. ಎಲ್ಲರೂ ತನಗೆ ಗೊತ್ತು ಅನ್ನಬೇಕು, ಎಲ್ಲರ ಬಗ್ಗೆಯೂ ತಾನೊಂದು ಒಳ್ಳೆಯ ಮಾತು ಹೇಳಬೇಕು. "ಅಯ್ಯೋ, ಗೊತ್ತು ಗೊತ್ತು, ಬಂಗಾರದಂಥ ಹುಡುಗಿ! ನಮ್ಮ ಸೆಂಟರಿಗೇ ಬರ್ತಾಳಲ್ರಿ. ಈಗ ಎಷ್ಟೋ ಪರವಾಗಿಲ್ಲ. ಕಣ್ಮುಚ್ಚಿ ಮಾಡ್ಕೊಳ್ರಿ."

ಈಗ ಎಷ್ಟೋ ಪರವಾಗಿಲ್ಲ! ಶಿಫಾರಸು ಮಾಡಿದೆ ಅಂತಲೇ ಆ ಮಹಾನುಭಾವರು ಕೈ ತೊಳೆದು ಬಂದರು. ಸಂಬಂಧ ಮುರಿದುಬಿತ್ತು. ಗಂಡಿನ ಕಡೆಯವರು "ಸೆಂಟರಿನವರಿಂದ್ಲೇ ಗೊತ್ತಾತು" ಅಂದರೇ ಹೊರತು ಯಾರಿಂದ ಅಂತ ಬಾಯಿ ಬಿಡಲಿಲ್ಲ.

ಹುಡುಗಿಯ ತಂದೆ ಕೇಂದ್ರಕ್ಕೆ ನುಗ್ಗಿದರು, ಮಗಳನ್ನೂ ಎಳೆದುಕೊಂಡು. "ಯಾರ್ರೀ ಅದು ನನ್ನ ಮಗಳ ಸುದ್ದಿ ಊರೆಲ್ಲ ಹಬ್ಬಿಸಿದ್ದು?" ಸರ್ ಎದ್ದು ಅವರನ್ನು ಕೂರಿಸಿದರು, ನೀರು ಕೊಟ್ಟರು, ಹೆಗಲ ಮೇಲೆ ಕೈಯಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. "ಸಾಹುಕಾರ್ರೆ, ನಮ್ಮಲ್ಲಿ ಹಂಗೆಲ್ಲ ಆಗಂಗಿಲ್ಲ. ಆದ್ರೆ ಹರಿಹರದಿಂದ ಓಡಾಡೋರು ಈ ಮೇಡಂ ಒಬ್ರೇ. ಬಸ್ಸಿನಾಗೆ ಅಕ್ಕಪಕ್ಕದ ಹೆಂಗಸ್ರು ಸಿಕ್ತಾರೆ, ಏನೋ ಬಾಯಿ ತಪ್ಪಿ ಬಂದಿರ್ಬೇಕು" ಅಂದರು. ಎಷ್ಟು ಮೆತ್ತಗೆ ಅಂದರು ಅಂತೀರಿ! "ನಾನಲ್ಲ" ಅಂತ ನಾನು ಕೂಗಿದೆ. ನಮ್ಮ ಹುಡುಗ ಮೊಬೈಲು ನೋಡುತ್ತಾ ನಿಂತ. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

ಮಾರನೇ ದಿನ ಹುಡುಗ ಸೈಕಲ್ ಸ್ಟ್ಯಾಂಡಿನ ಹತ್ತಿರ ಬಂದು ನಿಂತ. "ಅಕ್ಕ, ನಾನು ಸರ್ ಈಚೆ ಪಕ್ಕದ ಎಲೆಗೇ ಕೂತಿದ್ದೆ, ನನ್ನ ಕಿವಿಯಾರೆ ಕೇಳಿದೀನಿ. ಆದ್ರೆ ನನ್ನ ಹೆಸರು ಎತ್ತಬ್ಯಾಡ" ಅಂತ ಮದುವೆಯ ಸಂಗತಿ ಪೂರ್ತಿ ಹೇಳಿದ. ಥೂ ನಿನ್ನ ಅಂದು ನೇರ ಸರ್ ಕೋಣೆಗೆ ಹೋದೆ. ಅವರು ಸುಳ್ಳು ಕೂಡ ಹೇಳಲಿಲ್ಲ. "ಪರವಾಗಿಲ್ಲ ಅಂದೆ ಕಣಮ್ಮ. ಪರವಾಗಿಲ್ಲ ಅನ್ನೋದು ಒಳ್ಳೇ ಮಾತಲ್ವಾ? ನನಗೆ ರಿಟೈರ್‌ಮೆಂಟ್ ಹತ್ರ ಬಂದೈತೆ, ಈಗ ಹೆಸರು ಕೆಟ್ರೆ ಹೆಂಗೆ? ನೀನು ಚಿಕ್ಕೋಳು, ಜನ ಮರೀತಾರೆ." ಆ ವರ್ಷ ನನ್ನ ನೌಕರಿಗೆ ಸಹಿ ಬೀಳಲಿಲ್ಲ.

ಜನ ಮರೆತರೋ ಬಿಟ್ಟರೋ, ನನಗೆ ಬೇಕಿರಲಿಲ್ಲ. ಒಬ್ಬಳು ಮರೆತಿರಲಿಲ್ಲ. "ಓದಿ ಓದೇ ತಲೆ ಕೆಟ್ಟಿದ್ದು" ಅಂತ ಅವಳಪ್ಪ ಕಾಲೇಜು ಬಿಡಿಸಿ, ಫೋನು ಕಿತ್ತಿಟ್ಟು, ಅಂಗಡಿಯಲ್ಲಿ ಕೂರಿಸಿದರು. ಆ ಅಂಗಡಿ ನನ್ನ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ. ದಿನಾ ನಾನು ಮುಂದೆ ಹಾದು ಹೋಗಬೇಕು, ದಿನಾ ಅವಳು ಮುಖ ತಿರುಗಿಸಬೇಕು. ನಾನಾಗಿ ಮಾತಾಡಿಸುವಂತಿಲ್ಲ. ಅಂಗಡಿ ಮೆಟ್ಟಿಲು ಹತ್ತಿ, ನಾನಲ್ಲಮ್ಮ, ಅಂದರೆ ಗಿರಾಕಿಗಳ ಮುಂದೆ ಇನ್ನೊಂದು ಸಲ ಅವಳ ಗುಟ್ಟು ಬಿಚ್ಚಿದಂತೆ. ಮನೆಯ ನಲ್ಲಿ ಕೆಟ್ಟರೆ ದಾವಣಗೆರೆಯಿಂದ ಹೊಸದು ತಂದು ಹಾಕಿಸುತ್ತಿದ್ದೆ. ಅವಳು ನನ್ನನ್ನು ಚಾಡಿಕೋರಿ ಅಂತ ತಿಳಿದಿದ್ದಾಳಲ್ಲ ಅನ್ನೋದೊಂದೇ ನನ್ನ ಎದೆಯ ಮೇಲೆ ಕೂತಿತ್ತು. ಅದನ್ನು ತೊಳೆಯಬಲ್ಲವರು ಒಬ್ಬರೇ, ಅವರು ದೇವರಾಜ ಅರಸು ಬಡಾವಣೆಯ ತಮ್ಮ ಮನೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದರು.

ಸರ್ ರಿಟೈರ್ ಆಗುವ ದಿನ ಬಂತು. ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಕಿತ್ತುಕೊಂಡು ಮಾತಾಡಬೇಕು ಅಂತ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತವರು, ಯಾಕವ್ವ, ಯಾರ ಹತ್ರ ಜಗಳ, ಅಂತ ಕೇಳಿದ್ದೂ ಉಂಟು. ಸಮಾರಂಭಕ್ಕೆ ನನ್ನನ್ನು ಕರೆಯಲೇ ಇಲ್ಲ. ಶಾಲು ಹೊದಿಸಿದರಂತೆ, ಪೇಟ ಇಟ್ಟರಂತೆ, ವಿದ್ಯಾರ್ಥಿಗಳ ಮನಸ್ಸಿನ ವೈದ್ಯ ಅಂತ ಹೊಗಳಿದರಂತೆ. ಅಟೆಂಡರ್ ಅಕ್ಕ ಫೋನು ಮಾಡಿ ಹೇಳಿದಳು.

ಅಷ್ಟೊತ್ತಿಗೆ ನಾನು ಪಿ.ಜೆ. ಬಡಾವಣೆಯಲ್ಲಿ ಒಂದು ಹಳೇ ಕಟ್ಟಡದ ಮಹಡಿ ಮೇಲೆ ಸಣ್ಣ ಕೋಣೆ ಹಿಡಿದು ಸ್ವಂತ ಕೆಲಸ ಶುರು ಮಾಡಿದ್ದೆ. ಅದೇ ಮಹಡಿಯಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಂದು ಕಡೆ ಬ್ಲೌಸ್ ಹೊಲಿಯುವ ಟೈಲರು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಸರ್! ಸೊರಗಿಹೋಗಿದ್ದರು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. "ಬರ್ರಿ ಸರ್, ಕೂಡ್ರಿ" ಅಂದು ನೀರು ಕೊಟ್ಟೆ, ಅವತ್ತು ಅವರು ಆ ಅಪ್ಪನಿಗೆ ಕೊಟ್ಟ ಹಾಗೇ.

"ಮೇಡಂ" ಅಂದರು. ಮೊದಲೆಲ್ಲ ಅಮ್ಮ ಅನ್ನುತ್ತಿದ್ದವರು. "ನಮ್ಮ ಮನೆಯವಳು ನನ್ನ ಹತ್ರ ಮಾತೇ ಬಿಟ್ಟಿದಾಳೆ. ಊಟಕ್ಕೆ ಬಡಿಸ್ತಾಳೆ, ಮಾತಾಡಲ್ಲ. ಯಾಕ ಅಂದ್ರೂ ಇಲ್ಲ, ಏನು ಅಂದ್ರೂ ಇಲ್ಲ. ಅವಳು ಈ ಮೆಟ್ಟಿಲು ಹತ್ತೋದನ್ನ ನಮ್ಮ ಪರಿಚಯದವರು ನೋಡಿದ್ರಂತೆ. ನಿಮ್ಮ ಹತ್ರ ಬರ್ತಾಳಾ? ನನ್ನ ಬಗ್ಗೆ ಏನು ಹೇಳ್ತಾಳೆ?" ಕಣ್ಣಲ್ಲಿ ನೀರಿತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಕರುಳು ಚುರ್ ಅನ್ನುತ್ತಿತ್ತು. ಅವರಿಗೆ ಮಾತ್ರ ಅನ್ನಲಿಲ್ಲ.

"ಸರ್, ನೀವು ಒಂದು ಸಲ ಹರಿಹರಕ್ಕೆ ಹೋಗ್ರಿ" ಅಂದೆ. "ಆ ಹಾರ್ಡ್‌ವೇರ್ ಅಂಗಡಿಯಾಗೆ, ಅಪ್ಪ ಮಗಳು ಇಬ್ರ ಮುಂದೂ ನಿಂತು, ಮದುವೆ ಮನೇಲಿ ಹೇಳಿದ್ದು ನಾನೇ, ಮೇಡಂ ಅಲ್ಲ ಅಂತ ಹೇಳ್ರಿ. ಆಮೇಲೆ ಬರ್ರಿ." ಆಮೇಲೆ ಬರ್ರಿ ಅಂದೆ, ಅಷ್ಟೇ. ಬಂದರೆ ಹೇಳ್ತೀನಿ ಅಂತ ಅನ್ನಲಿಲ್ಲ. ಅವರು ಹಾಗೆ ತಿಳಿದುಕೊಂಡರೆ ನಾನೇನು ಮಾಡಲಿ? ಬೇಕಂತಲೇ ಹಾಗೆ ಅಂದೆ ಅಂತೀರಾ? ಹೌದು, ಬೇಕಂತಲೇ.

ಹೋಗಿ ಬಂದರು! ಶಾಲು ಹೊದಿಸಿಕೊಂಡ ಮನುಷ್ಯ ಬಸ್ಸು ಹತ್ತಿ ಹೋಗಿ ಬಂದರು. "ಹೇಳಿದೆ ಮೇಡಂ. ಗಿರಾಕಿಗಳೆಲ್ಲ ಹೊರಗೆ ಹೋಗೋತಂಕ ಕಾದು, ಇಬ್ರಿಗೂ ಹೇಳಿದೆ. ಅವರಪ್ಪ ಬಾಯಿಗೆ ಬಂದಂಗೆ ಬೈದ್ರು." ಹುಡುಗಿ ಏನಂದಳು ಅಂತ ಕೇಳಿದೆ. "ಪೈಪು ಜೋಡಿಸ್ತಾ ಇದ್ದಳು, ಜೋಡಿಸ್ತಾನೇ ಇದ್ದಳು." ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. "ಈಗಾದ್ರೂ ಹೇಳ್ರಿ."

"ಏನು ಸರ್?"

"ನಮ್ಮ ಮನೆಯವಳು..."

"ನೀವೇ ಹೇಳಿಕೊಟ್ಟಿದ್ದು ಸರ್. ಬರ್ತಾರೆ ಅಂತಾನೂ ಹೇಳಂಗಿಲ್ಲ, ಬರಲ್ಲ ಅಂತಾನೂ ಹೇಳಂಗಿಲ್ಲ."

ಅವರ ಮುಖ ನೋಡಬೇಕಿತ್ತು. "ನಿಮ್ಮ ಮಾತು ಕೇಳಿ ಅಷ್ಟು ದೂರ ಹೋಗಿ ಬೈಸ್ಕೊಂಡು ಬಂದೆನಲ್ಲ!" ಅಂದರು. "ಒಳ್ಳೇದು ಮಾಡಿದ್ರಿ ಸರ್" ಅಂದೆ. ಮೆತ್ತಗೆ ಅಂದೆ, ಅವರಿಗಿಂತ ಮೆತ್ತಗೆ. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದರು. ಅವತ್ತು ಸಂಜೆ ಹೋಟೆಲಿಗೆ ಹೋಗಿ ಒಬ್ಬಳೇ ಕೂತು ಬೆಣ್ಣೆ ದೋಸೆ ತಿಂದೆ, ಇನ್ನೊಂದು ಹೇಳಿ ಅದನ್ನೂ ತಿಂದೆ. ಅವರ ಹೆಂಡತಿ ನನ್ನ ಹತ್ತಿರ ಬರುತ್ತಿದ್ದರೋ, ಹಲ್ಲು ತೋರಿಸೋಕೆ ಬಂದಿದ್ದರೋ, ಬ್ಲೌಸಿನ ಅಳತೆ ಕೊಡೋಕೆ ಬಂದಿದ್ದರೋ? ನಿಮಗೂ ಹೇಳಲ್ಲ.

ಅದಾದ ಮೇಲೆ ಅಂಗಡಿಯ ಮುಂದೆ ಹಾದು ಹೋಗುವಾಗ ಒಂದು ಬೆಳಿಗ್ಗೆ ಅಭ್ಯಾಸದಂತೆ ತಲೆ ತಗ್ಗಿಸಿ ನಡೆಯುತ್ತಿದ್ದೆ. "ಮೇಡಂ" ಅಂತ ಕರೆದದ್ದು ಕೇಳಿಸಿತು. ನಿಂತೆ. "ಆರಾಮಾ ಮೇಡಂ? ಒಳಗೆ ಬರ್ರಿ." ಅವಳೇ. ಮೆಟ್ಟಿಲು ಹತ್ತಿ ಪೈಪುಗಳ ನಡುವೆ ಅವಳು ಸರಿಸಿದ ಸ್ಟೂಲಿನ ಮೇಲೆ ಕೂತೆ. ಅವಳಪ್ಪ ಇರಲಿಲ್ಲ.

"ನೀವಲ್ಲ ಅಂತ ಅವಾಗ್ಲೇ ಬಂದು ನನಗೆ ಯಾಕ ಹೇಳಲಿಲ್ಲ?" ಅಂದಳು.

"ನಾವು ಮೊದಲು ಮಾತಾಡ್ಸಂಗಿಲ್ಲ ಕಣಮ್ಮ."

"ನಾನು ಮಾತಾಡ್ಸದೇ ಇದ್ದಿದ್ರೆ?"

"ಹಿಂಗೇ ಓಡಾಡ್ಕೊಂಡು ಇರ್ತಿದ್ದೆ."

ಅವಳು ನನ್ನನ್ನೇ ನೋಡಿದಳು. ನಗಲಿಲ್ಲ. "ಅವರು ಬಂದು ಹೇಳಿದ್ರು, ನಿಮ್ಮ ಹೆಸರು ನಿಮಗೆ ವಾಪಸ್ ಸಿಕ್ತು" ಅಂದಳು. "ನನ್ನ ಎಂ.ಎಸ್ಸಿ?"

ಬರೆಯದೇ ಉಳಿದ ಪರೀಕ್ಷೆ, ಕೈಬಿಟ್ಟುಹೋದ ವರ್ಷ, ಅದನ್ನು ಯಾರು ಯಾವ ಅಂಗಡಿಗೆ ಹೋಗಿ ಹೇಳಿದರೆ ವಾಪಸ್ ಬರುತ್ತದೆ? ದೋಸೆ ತಿಂದ ಖುಷಿ ಎಲ್ಲ ಅಲ್ಲೇ ಇಳಿದುಹೋಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳೋಕೆ ಶುರುವಾಯಿತು. ತೆಗೆದು ನೋಡಿದೆ. ಸರ್. ಅವತ್ತು ನನ್ನ ಮೆಟ್ಟಿಲು ಇಳಿದು ಹೋದಾಗಿನಿಂದ ದಿನಾ ಈ ಹೊತ್ತಿಗೆ ಮಾಡುತ್ತಿದ್ದರು, ಒಂದೇ ಒಂದು ಮಾತು ಹೇಳಿ ಅಂತ ಅಂಗಲಾಚೋಕೆ. ನಾನೂ ದಿನಾ ಎತ್ತಿ, ಹೇಳಂಗಿಲ್ಲ ಸರ್ ಅಂತ ಹೇಳಿ ಇಡುತ್ತಿದ್ದೆ.

"ಯಾರು ಮೇಡಂ?"

"ಇಲ್ಲಿಗೆ ಬಂದಿದ್ರಲ್ಲ, ಅವರೇ."

ಅವಳು ಒಂದು ನಲ್ಲಿಯನ್ನು ಬಟ್ಟೆಯಿಂದ ಒರೆಸಿ ಅದರ ಜಾಗದಲ್ಲಿಟ್ಟಳು. ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಎತ್ತಬ್ಯಾಡ್ರಿ" ಅಂದಳು.

ಎತ್ತಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಎತ್ತಿಲ್ಲ.